ದೀಪದ ಬುಡದ ಕತ್ತಲೆ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ನಮ್ಮ ಮನೆಗಳಲ್ಲಿ ಸಂಜೆಯ ಜಪಸರದ ವೇಳೆಗೆ ದೀಪ ಬೆಳಗಲು ಗುಂಡಿಯೊಂದನ್ನು ಒತ್ತಿದರೆ ಸಾಕು. ನಾಡಿನ ಈ ಬೆಳಕಿನಲ್ಲಿ ಶರಾವತಿ ನದಿಯ ಪಾಲು ಹಿರಿದು. ಆದರೆ ಅದಕ್ಕಾಗಿ ತಮ್ಮ ಮನೆಯ ದೀಪವನ್ನೇ ಆರಿಸಿ ಹೊರಟವರನ್ನು ನಾವು ಎಷ್ಟು ಬಾರಿ ನೆನೆದಿದ್ದೇವೆ?

ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ನೀರನ್ನು ಅವಲಂಬಿಸಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಕರ್ನಾಟಕದ ಕೈಗಾರಿಕೆಗಳಿಗೆ ಅದು ಬಲ ತುಂಬಿತೆಂಬುದು ನಿರ್ವಿವಾದ. ಆದರೆ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸಿತು. ಕಾಡು, ಗದ್ದೆ, ಅಡಿಕೆ ತೋಟಗಳು ಮುಳುಗಿದವು. ಸಾವಿರಾರು ಕುಟುಂಬಗಳು ಊರು ತೊರೆದವು. ಅರಣ್ಯಭೂಮಿಯಲ್ಲಿ ನೆಲೆಗೊಂಡ ಅನೇಕರು ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದವರೆಗೂ ಅಲೆಯಬೇಕಾಯಿತು. ತುಮರಿ ಸುತ್ತಲಿನ ಹಳ್ಳಿಗಳು ದ್ವೀಪದಂತಾದವು. ಸಾಗರಕ್ಕೆ ಬರಲು ಲಾಂಚೇ ಗತಿ. ರಾತ್ರಿ ಕಾಯಿಲೆ ಬಿದ್ದವರ ಪಾಡು ದೇವರಿಗೇ ಪ್ರೀತಿ. 2.44 ಕಿಲೋಮೀಟರ್ ಉದ್ದದ ಸೇತುವೆ ಅವರಿಗೆ ದೊರೆತದ್ದು 2025ರ ಜುಲೈ 14ರಂದು, ಆರು ದಶಕಗಳ ನಂತರ.

ಈ ನೋವಿಗೆ ಅಕ್ಷರರೂಪ ಕೊಟ್ಟವರಲ್ಲಿ ಪ್ರಮುಖರು ನಮ್ಮ ಸಮುದಾಯದವರೇ ಆದ ಸಾಗರದ ನಾ. ಡಿಸೋಜರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಮುಳುಗಡೆಯನ್ನು ಹತ್ತಿರದಿಂದ ಕಂಡು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ ಗಿರೀಶ್ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರು 2025ರ ಜನವರಿಯಲ್ಲಿ ನಮ್ಮನ್ನಗಲಿದರು.

ನದಿಯೂ ಬೆಲೆ ತೆತ್ತಿದೆ. 830 ಅಡಿ ಧುಮುಕುವ ಜೋಗದ ವೈಭವ ಮಳೆಗಾಲಕ್ಕೆ ಸೀಮಿತವಾಯಿತು. ವಿದ್ಯುತ್ ಉತ್ಪಾದಿಸಿದ ಸಿಹಿನೀರು ವರ್ಷವಿಡೀ ಹರಿದುಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಕುಗ್ಗಿ, ಬಡವರ ಆಹಾರವೂ ಆದಾಯವೂ ಆಗಿದ್ದ ಬಳಚು ಕ್ಷೀಣಿಸಿದೆ.

ಇದೀಗ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲೆತ್ತಿ, ಹೆಚ್ಚಿದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು ಇದರ ಕ್ರಮ. ಸೌರ ಮತ್ತು ಪವನ ವಿದ್ಯುತ್ತನ್ನು ಕಾಯ್ದಿಡಲು ಇದು ಅಗತ್ಯವೆಂಬುದು ಸಮರ್ಥಕರ ವಾದ. ಆದರೆ ನೀರೆತ್ತಲು ಬೇಕಾಗುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು. ಯೋಜನೆಯ ಪ್ರದೇಶವೋ ಸಿಂಗಳೀಕಗಳ ಅಭಯಾರಣ್ಯ.

ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಬೇರ್ಪಡಿಸಲಾಗದೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಬೋಧಿಸಿದರು. ವಿದ್ಯುತ್ ಬೇಡವೆನ್ನಲು ನಮಗೆ ಸಾಧ್ಯವಿಲ್ಲ. ಆದರೆ ಬರಿದಾದ ಕೋಣೆಯ ದೀಪ, ಪಂಖಗಳನ್ನು ಆರಿಸಬಹುದು. ಧರ್ಮಕೇಂದ್ರದ ಸಭಾಂಗಣದ ಚಾವಣಿಗೆ ಸೌರಫಲಕ ಅಳವಡಿಸಬಹುದು. ಹೊಸ ಯೋಜನೆಯ ಸುದ್ದಿ ಬಂದಾಗ ‘ಎಷ್ಟು ಮೆಗಾವಾಟ್?’ ಎಂದು ಕೇಳುವ ಮುನ್ನ ‘ಯಾರ ಮನೆ ಮುಳುಗುತ್ತದೆ?’ ಎಂದು ಕೇಳುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ.