ನಿಮಗಿದು ಗೊತ್ತೆ? ಬಿಸಿಲಿಲ್ಲದೆ ಕಪ್ಪಾಗಿಸುವ ಅಡಿಸನ್ ಕಾಯಿಲೆ

● ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್. ಅವು ಹಾಳಾದರೆ ದೇಹಕ್ಕೆ ಕಾರ್ಟಿಸಾಲ್, ಆಲ್ಡೋಸ್ಟೆರಾನ್ ಹಾರ್ಮೋನುಗಳ ಕೊರತೆಯಾಗುತ್ತದೆ. ಇದೇ ಅಡಿಸನ್ ಕಾಯಿಲೆ.

● ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಇದನ್ನು ವಿವರಿಸಿದರು. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರಿಗೂ ಈ ಕಾಯಿಲೆ ಇತ್ತು.

● ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಒಂದು ಕಾರಣ. ಭಾರತದಲ್ಲಿ ಕ್ಷಯವೂ ಮುಖ್ಯ ಕಾರಣ.

● ತೀರದ ಸುಸ್ತು, ತೂಕ ಇಳಿಕೆ, ಎದ್ದು ನಿಂತರೆ ತಲೆಸುತ್ತು, ಉಪ್ಪು ತಿನ್ನುವ ಬಯಕೆ ಇದರ ಲಕ್ಷಣಗಳು. ಅಂಗೈ ಗೆರೆ, ವಸಡು, ಹಳೆಯ ಗಾಯದ ಕಲೆ ಕಪ್ಪಾಗುವುದು ದೊಡ್ಡ ಸುಳಿವು. ಇವು ಜೊತೆಯಾಗಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

● ರೋಗ ಪತ್ತೆಗೆ ಬೆಳಗಿನ ಹೊತ್ತು ರಕ್ತದಲ್ಲಿನ ಕಾರ್ಟಿಸಾಲ್ ಮತ್ತು ಎಸಿಟಿಎಚ್ (ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ಮಟ್ಟ ಅಳೆಯುತ್ತಾರೆ. ಅಗತ್ಯವಿದ್ದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು, ಗ್ರಂಥಿ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ.

● ಹೈಡ್ರೋಕಾರ್ಟಿಸೋನ್, ಫ್ಲುಡ್ರೋಕಾರ್ಟಿಸೋನ್ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ‘ಸ್ಟೀರಾಯ್ಡ್’ ಎಂದು ಹೆದರಿ ನಿಲ್ಲಿಸಬೇಡಿ: ದೇಹ ತಾನೇ ತಯಾರಿಸಬೇಕಿದ್ದುದನ್ನು ಮಾತ್ರೆ ತುಂಬಿಕೊಡುತ್ತದೆ, ಅಷ್ಟೆ.

● ಕ್ಷಯದ ಔಷಧ ರಿಫಾಂಪಿಸಿನ್ ಹೈಡ್ರೋಕಾರ್ಟಿಸೋನನ್ನು ಬೇಗ ಕರಗಿಸಿಬಿಡುತ್ತದೆ. ಎರಡನ್ನೂ ಸೇವಿಸುವವರಿಗೆ ವೈದ್ಯರು ಪ್ರಮಾಣ ಹೆಚ್ಚಿಸಬೇಕಾಗಬಹುದು.

● ಜ್ವರ ಬಂದಾಗ ಹೈಡ್ರೋಕಾರ್ಟಿಸೋನ್ ಪ್ರಮಾಣವನ್ನು ಸಾಮಾನ್ಯವಾಗಿ ಎರಡು, ಮೂರು ಪಟ್ಟು ಮಾಡಬೇಕಾಗುತ್ತದೆ. ಎಷ್ಟೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ಶಸ್ತ್ರಚಿಕಿತ್ಸೆಗೆ ಮುನ್ನ ಕಾಯಿಲೆಯ ವಿಷಯ ತಪ್ಪದೆ ತಿಳಿಸಿ.

● ಪದೇ ಪದೇ ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ಪ್ರಜ್ಞೆ ಮಂಕಾದರೆ ಜೀವಕ್ಕೆ ಅಪಾಯ. ವಯಸ್ಕರಿಗೆ ತಕ್ಷಣ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಜೊತೆಗೆ ಸಲೈನ್ ಬೇಕು. 108ಕ್ಕೆ ಕರೆ ಮಾಡಿ. ಕಾಯಿಲೆಯ ಹೆಸರು, ಔಷಧದ ವಿವರ ಬರೆದ ಚೀಟಿ ಸದಾ ರೋಗಿಯ ಜೇಬಿನಲ್ಲಿರಲಿ.