“ಟವರ್ ಬೇಡ ಅಂತ ಸಹಿ ಹಾಕ್ಲಾ ಮಗಾ?”

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಮ್ಮನ ಫೋನ್ ಬಂತು. ಮೊದಲ ಎರಡು ಸಲ ಬರೀ “ಹಲೋ... ಹಲೋ...”, ಮೂರನೇ ಸಲಕ್ಕೆ ಮಾತು. ಅಂಗಳ ದಾಟಿ ಕಣದ ಮೂಲೆಯ ಹಲಸಿನ ಮರದ ಕೆಳಗೆ ನಿಂತಿದ್ದಾರೆ ಅಂತ ಬೆಂಗಳೂರಲ್ಲಿ ಕೂತ ನನಗೆ ಗೊತ್ತಾಯಿತು. ಆಲೂರು ತಾಲೂಕಿನ ಪಾಳ್ಯದಿಂದ ಒಳಗಿರುವ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗೋ ಜಾಗ ಅದೊಂದೇ.

“ಮಗಾ, ಪಕ್ಕದ ತೋಟದವ್ರು ಟವರ್‌ಗೆ ಜಾಗ ಕೊಟ್ಟವ್ರಂತೆ. ಬೇಡ ಅಂತ ಪಂಚಾಯ್ತಿಗೆ ಅರ್ಜಿ ಬರ್ದವ್ರೆ. ಎಲ್ರೂ ಸಹಿ ಹಾಕ್ತಾವ್ರೆ. ನಾನೂ ಹಾಕ್ಲಾ?”

ಸಿಗ್ನಲ್‌ಗಾಗಿ ಮರದ ಕೆಳಗೆ ನಿಂತವರು ಸಿಗ್ನಲ್ ತರೋ ಟವರ್ ಬೇಡ ಅನ್ನಲಾ ಅಂತ ಕೇಳ್ತಿದ್ದಾರೆ! ನಗು ಬಂತು. ಮುಂದಿನ ಮಾತಿಗೆ ನಿಂತೂ ಹೋಯಿತು. “ಕ್ಯಾನ್ಸರ್ ಬತ್ತದಂತೆ ಕಣೋ. ನಿಮ್ಮಕ್ಕನ ಮಗು ರಜಕ್ಕೆ ಬರೋದು ಇಲ್ಲಿಗೇ ಅಲ್ವಾ?”

“ಒಂದು ವಾರ ಟೈಮ್ ಕೊಡಮ್ಮ, ನೋಡಿ ಹೇಳ್ತೀನಿ” ಅಂದೆ. ಆ ವಾರ ನಾನು ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮೂರಲ್ಲೂ ಇಂಥದೊಂದು ಅರ್ಜಿ ಓಡಾಡ್ತಿದ್ದರೆ ಉಪಯೋಗವಾಗಬಹುದು.

ಈ ಭಯ ಎಲ್ಲಿಂದ ಬಂತು?

ಸುಮ್ಮನೆ ಹುಟ್ಟಿದ ಭಯ ಅಲ್ಲ ಇದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ ಆಗಿರಬಹುದು’ ಅನ್ನುವ 2ಬಿ ಪಟ್ಟಿಗೆ ಸೇರಿಸಿತು. ವಾಟ್ಸಾಪ್‌ನಲ್ಲಿ ಇವತ್ತಿಗೂ ಓಡಾಡೋದು ಇದೇ ಸುದ್ದಿ. ಇಡೀ ಲೋಳೆಸರದ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ ಅನ್ನೋದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ. 2ಬಿ ಅಂದರೆ ‘ಅನುಮಾನ ಇದೆ, ಗಟ್ಟಿ ಸಾಕ್ಷಿ ಇಲ್ಲ’ ಅಂತ ಅರ್ಥ.

ಆಮೇಲೆ ಬಂದದ್ದು 2017ರ ಗ್ವಾಲಿಯರ್ ಪ್ರಕರಣ. ಮನೆಗೆಲಸ ಮಾಡ್ತಿದ್ದ ವ್ಯಕ್ತಿಯೊಬ್ಬರು ಪಕ್ಕದ ಮನೆ ಚಾವಣಿಯ ಟವರ್‌ನಿಂದಲೇ ತನಗೆ ಕ್ಯಾನ್ಸರ್ ಬಂತು ಅಂತ ಸುಪ್ರೀಂ ಕೋರ್ಟ್‌ಗೆ ಹೋದರು. ಕೋರ್ಟ್ ಆ ಟವರನ್ನು ಏಳು ದಿನದೊಳಗೆ ನಿಲ್ಲಿಸಿ ಅಂತ ಆದೇಶ ಮಾಡಿತು. ದೇಶದಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಆದರೆ ಟವರ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ವೈಜ್ಞಾನಿಕವಾಗಿ ಸಾಬೀತಾಯಿತು ಅಂತ ಆ ಆದೇಶದ ಅರ್ಥ ಅಲ್ಲ.

ಇದಕ್ಕೆ ಉಲ್ಟಾ ಆದದ್ದೂ ಇದೆ. ನಮ್ಮ ‘ಪ್ರೇಮಲೋಕ’ದ ಜೂಹಿ ಚಾವ್ಲಾ 5ಜಿ ವಿರುದ್ಧ ಹಾಕಿದ ದಾವೆಯನ್ನು ದೆಹಲಿ ಹೈಕೋರ್ಟ್ 2021ರ ಜೂನ್‌ನಲ್ಲಿ ವಜಾ ಮಾಡಿ, 20 ಲಕ್ಷ ರೂಪಾಯಿ ದಂಡ ಹಾಕಿತು. ಮರುವರ್ಷ ಅದು 2 ಲಕ್ಷಕ್ಕೆ ಇಳಿಯಿತು.

ವಿಜ್ಞಾನಿಗಳು ಏನಂತಾರೆ? ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಿಶೀಲನೆಯೊಂದು 2024ರಲ್ಲಿ ಹೊರಬಂತು. 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ಸಂಬಂಧ ಕಾಣಲಿಲ್ಲ.

ಲೆಕ್ಕ ಏನು ಹೇಳುತ್ತೆ?

ಎಕ್ಸ್‌ರೇಗೂ ಟವರ್ ತರಂಗಕ್ಕೂ ಇರೋ ಮುಖ್ಯ ವ್ಯತ್ಯಾಸ ಶಕ್ತಿಯದು. ಎಕ್ಸ್‌ರೇಗೆ ಜೀವಕೋಶದ ಡಿಎನ್‌ಎ ಮುರಿಯುವಷ್ಟು ಶಕ್ತಿ ಇದೆ. ಮೊಬೈಲ್ ತರಂಗಕ್ಕೆ ಅಷ್ಟಿಲ್ಲ. ಪ್ರಮಾಣ ತುಂಬಾ ಹೆಚ್ಚಾದರೆ ಅದು ಮಾಡೋದು ಬಿಸಿ. ಸುರಕ್ಷತೆಯ ಮಿತಿ ಇರೋದು ಅದಕ್ಕೇ. 900 ಮೆಗಾಹರ್ಟ್ಸ್‌ಗೆ ಅಂತರರಾಷ್ಟ್ರೀಯ ಮಿತಿ ಚದರ ಮೀಟರ್‌ಗೆ 4.5 ವಾಟ್. ಭಾರತ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದದ್ದು ಅದರ ಹತ್ತನೇ ಒಂದು ಭಾಗ, ಅಂದರೆ 0.45 ವಾಟ್.

ದೂರ ಎರಡು ಪಟ್ಟಾದರೆ ತರಂಗದ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತೆ. ಆಂಟೆನಾ ತರಂಗವನ್ನು ಟಾರ್ಚ್ ಥರ ಮುಂದಕ್ಕೆ ಬಿಡುತ್ತೆ, ನೇರ ಕೆಳಕ್ಕಲ್ಲ. ಹಾಗಾಗಿ ಟವರ್ ಬುಡದಲ್ಲಿ ಇರೋದು ನಾವು ಅಂದ್ಕೊಂಡಿದ್ದಕ್ಕಿಂತ ಕಡಿಮೆ.

ನನಗೆ ಗೊತ್ತೇ ಇರದಿದ್ದ ಸಂಗತಿ ಇನ್ನೊಂದಿತ್ತು. ಸಿಗ್ನಲ್ ವೀಕ್ ಆದಷ್ಟೂ ನಮ್ಮ ಕೈಲಿರೋ ಫೋನ್ ಟವರ್ ತಲುಪೋಕೆ ಹೆಚ್ಚು ಶಕ್ತಿ ಹಾಕುತ್ತೆ. ಅಂದರೆ ಹಲಸಿನ ಮರದ ಕೆಳಗೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಫೋನ್ ಕಿವಿಗೊತ್ತಿಕೊಂಡು ಮಾತಾಡೋ ಅಮ್ಮನ ತಲೆಗೆ, ಒಳ್ಳೆ ಸಿಗ್ನಲ್ ಇರೋ ಊರಿನವರಿಗಿಂತ ಹೆಚ್ಚು ತರಂಗ ತಾಗುತ್ತಿರಬಹುದು.

ಟವರ್ ಇಲ್ಲದ ಮಲೆನಾಡು

ನಮ್ಮೂರಲ್ಲಿ ಬೇಡ ಅಂತ ಅರ್ಜಿ. ಬೇರೆ ಕಡೆ ಬೇಕು ಅಂತ ಹೋರಾಟ. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಗಳಿಂದ ಎದ್ದ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ನೆನಪಿದೆಯಾ? ಆನ್‌ಲೈನ್ ಕ್ಲಾಸ್‌ಗಾಗಿ ಮಕ್ಕಳು ಗುಡ್ಡ ಹತ್ತಿ ಕೊಡೆ ಹಿಡಿದು ಕೂತ ಕಾಲ ಅದು. ನೆಟ್‌ವರ್ಕೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡೋಕೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಡಬೇಕಾಯಿತು.

ನಮ್ಮ ಆಲೂರು, ಸಕಲೇಶಪುರ ಕಡೆಗೆ ಇನ್ನೊಂದು ಕಾರಣವೂ ಇದೆ: ಆನೆ. ಹಾಸನ ಜಿಲ್ಲೆಯಲ್ಲಿ ಕಾಡಾನೆ ಎಲ್ಲಿದೆ ಅಂತ ಜನರಿಗೆ ತಿಳಿಸೋದು ಬಹುಪಾಲು ಮೊಬೈಲ್ ಮೂಲಕವೇ. ರಾಜ್ಯ ಸರ್ಕಾರ 2022ರ ಕೊನೆಯಲ್ಲಿ ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡಿತು. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಇದೆ. ಇಷ್ಟೆಲ್ಲ ಇದ್ದರೂ ಕೊನೆಗೆ ಎಚ್ಚರಿಕೆ ತಲುಪಬೇಕಾದ್ದು ತೋಟಕ್ಕೆ ಹೊರಟವರ ಜೇಬಿನ ಫೋನಿಗೆ.

ಹೋದ ವರ್ಷ ಕಾಫಿ ಕೊಯ್ಲಿನ ಸಮಯ. ನಮ್ಮ ರಸ್ತೆ ಪಕ್ಕದ ತೋಟದಲ್ಲಿ ಆನೆ ಇದೆ ಅನ್ನೋ ಮೆಸೇಜ್ ಬೆಳಿಗ್ಗೆ 6ಕ್ಕೆ ಬಂದಿತ್ತು. ಅಮ್ಮ ಅದನ್ನ ನೋಡಿದ್ದು 9ಕ್ಕೆ, ಹಲಸಿನ ಮರದ ಕೆಳಗೆ ಹೋದಾಗ. ಅಷ್ಟರಲ್ಲಿ ಅದೇ ರಸ್ತೇಲಿ ಡೈರಿಗೆ ಹೋಗಿ ಹಾಲು ಹಾಕಿ ವಾಪಸ್ ಬಂದಾಗಿತ್ತು. “ದೇವ್ರು ದೊಡ್ಡೋನು” ಅಂತ ಅವರು ಮರೆತರು. ನನಗೆ ಮರೆಯಕ್ಕಾಗಿಲ್ಲ.

ಹಾಗಂತ ವಿರೋಧ ತಪ್ಪಾ?

ಅಲ್ಲ. ಅರ್ಜಿಯಲ್ಲಿ ಕ್ಯಾನ್ಸರ್ ಅನ್ನೋ ಒಂದೇ ಪದ ಇತ್ತು, ಕೇಳಬೇಕಾದ ಬೇರೆ ಪ್ರಶ್ನೆಗಳು ಇರಲಿಲ್ಲ. ಕರೆಂಟ್ ಹೋದಾಗ ಓಡೋ ಡೀಸೆಲ್ ಜನರೇಟರ್ ಯಾರ ಮಲಗೋ ಕೋಣೆ ಪಕ್ಕ ಬರುತ್ತೆ? ನಮ್ಮ ಕಡೆಯ ಗುಡುಗು ಸಿಡಿಲಿಗೆ ಸರಿಯಾದ ಅರ್ಥಿಂಗ್ ಇದೆಯಾ? ಮಳೆಗಾಲದಲ್ಲಿ ಕುಸಿಯೋ ಮಣ್ಣಿನಲ್ಲಿ ಬುನಾದಿ ಎಷ್ಟು ಆಳ? ಬಾಡಿಗೆ ಒಬ್ಬರಿಗೆ, ಗದ್ದಲ ಹತ್ತು ಮನೆಗೆ ಅನ್ನೋ ಸಿಟ್ಟೂ ಸುಳ್ಳಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಊರಿಗೆ ಒಂದು ಮಾತೂ ಹೇಳದೆ ಗುಂಡಿ ತೋಡಿದರೆ ಯಾರಿಗೆ ತಾನೇ ಅನುಮಾನ ಬರಲ್ಲ?

ಆರೋಗ್ಯದ ಭಯವೊಂದನ್ನೇ ಹಿಡಿದು ಕೋರ್ಟ್‌ಗೆ ಹೋದರೆ ನಿಲ್ಲೋದು ಕಷ್ಟ. ಕೇರಳ ಹೈಕೋರ್ಟ್ 2006ರಲ್ಲೇ, ಆರೋಗ್ಯಕ್ಕೆ ಕೆಟ್ಟದು ಅನ್ನೋ ಆತಂಕ ಮಾತ್ರ ಇಟ್ಟುಕೊಂಡು ಪಂಚಾಯ್ತಿ ಟವರ್‌ಗೆ ಅನುಮತಿ ನಿರಾಕರಿಸುವಂತಿಲ್ಲ ಅಂತ ಹೇಳಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರದ ನಿಯಮವೂ ಸಡಿಲವಾಯಿತು. ಖಾಸಗಿ ಜಾಗ ಅಥವಾ ಕಟ್ಟಡದಲ್ಲಿ ಟವರ್ ಹಾಕೋಕೆ ಸ್ಥಳೀಯ ಸಂಸ್ಥೆಗೆ ಮುಂಚೆ ಬರೆದು ತಿಳಿಸಬೇಕು, ಕಟ್ಟಡ ಭಾರ ತಡೆಯುತ್ತೆ ಅನ್ನೋ ಎಂಜಿನಿಯರ್ ಪ್ರಮಾಣಪತ್ರ ಕೊಡಬೇಕು ಅಂತಾಯಿತು. ಅಂದರೆ ಊರಿನವರು ಕೇಳಿ ನೋಡಬೇಕಾದ್ದು ಈ ಕಾಗದಗಳನ್ನ.

ಟವರ್ ಎದ್ದ ಮೇಲೂ ದಾರಿ ಇದೆ. ದೂರಸಂಪರ್ಕ ಇಲಾಖೆ 2017ರಲ್ಲಿ ಶುರು ಮಾಡಿದ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಸುತ್ತಮುತ್ತಲ ಟವರ್‌ಗಳ ವಿವರ ನೋಡಬಹುದು. ನಮ್ಮ ಮನೆ ಹತ್ತಿರ ತರಂಗ ಎಷ್ಟಿದೆ ಅಂತ ಅಳೆಸಬೇಕಿದ್ದರೆ ಅಲ್ಲೇ ಅರ್ಜಿ ಹಾಕಬಹುದು. ಪೋರ್ಟಲ್ ಬಂದಾಗ ಇದಕ್ಕೆ 4,000 ರೂಪಾಯಿ ಶುಲ್ಕ ಇಟ್ಟಿದ್ದರು. ಹತ್ತು ಮನೆ ಸೇರಿದರೆ ದೊಡ್ಡ ಮೊತ್ತ ಅಲ್ಲ.

ಇನ್ನೊಂದು ಎಚ್ಚರಿಕೆ. “ನಿಮ್ಮ ಜಮೀನಲ್ಲಿ ಟವರ್ ಹಾಕ್ತೀವಿ, ಲಕ್ಷಗಟ್ಟಲೆ ಅಡ್ವಾನ್ಸ್ ಕೊಡ್ತೀವಿ, ಮೊದಲು ತೆರಿಗೆ ಕಟ್ಟಿ” ಅಂತ ಫೋನ್ ಬಂದರೆ ಅದು ಮೋಸ. ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆ ಆಗಲಿ ಟವರ್ ಹೆಸರಲ್ಲಿ ಜನರಿಂದ ದುಡ್ಡು ಕೇಳಲ್ಲ. ಊರಲ್ಲಿರೋ ಅಪ್ಪ ಅಮ್ಮನಿಗೆ ಇದನ್ನ ಇವತ್ತೇ ಹೇಳಿಬಿಡಿ.

ಅಮ್ಮ ಏನು ಮಾಡಿದರು?

ಮುಂದಿನ ಭಾನುವಾರ ಎಲ್ಲವನ್ನೂ ಹೇಳಿದೆ. ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, “ಎದುರುಮನೆ ಅಕ್ಕಂಗೆ ಇದ್ನೆಲ್ಲ ಹೇಳ್ತೀಯಾ ನೀನು?” ಅಂದರು.

ನನಗೆ ಬಾಯಿ ಬರಲಿಲ್ಲ. ಅವರ ಯಜಮಾನರು ತೀರಿಕೊಂಡಿದ್ದು ಕ್ಯಾನ್ಸರ್‌ನಲ್ಲಿ, ಹಾಸನ, ಬೆಂಗಳೂರು ಅಂತ ಎರಡು ವರ್ಷ ಅಲೆದ ಮೇಲೆ. ಅರ್ಜಿ ಬರೆಸಿದವರು ಅವರೇ. ಅವರಿಗೆ ಚದರ ಮೀಟರ್ ವಾಟ್‌ನ ಲೆಕ್ಕ ಹೇಳಿ ಗೆಲ್ಲೋದು ಎಂಥ ಗೆಲುವು?

ಹೇಳಬೇಕಾದ್ದನ್ನ ಕೊನೆಗೆ ಅಮ್ಮನೇ ಅವರ ಮನೆಗೆ ಹೋಗಿ, ಕಾಫಿ ಕುಡೀತಾ ಹೇಳಿದರು. ಅಕ್ಕ ಪೂರ್ತಿ ಒಪ್ಪಲಿಲ್ಲ. ಆದರೆ ಇನ್ನೊಂದು ಅರ್ಜಿಗೆ ಒಪ್ಪಿದರು: ಟವರ್ ಮನೆಗಳಿಂದ ದೂರ, ತೋಟದ ಮೇಲ್ಗಡೆ ದಿಬ್ಬಕ್ಕೆ ಹೋಗಲಿ, ಜನರೇಟರ್ ಸದ್ದು ಬೀದಿಗೆ ಬರಬಾರದು, ಶುರುವಾದ ಮೇಲೆ ತರಂಗ ಅಳೆಸಿ, ಆ ಕಾಗದವನ್ನ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಆ ಅರ್ಜಿಗೆ ಇಬ್ಬರೂ ಸಹಿ ಹಾಕಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ನಿನ್ನೆ ಮತ್ತೆ ಫೋನ್ ಮಾಡಿದ್ದರು. ಮೂರನೇ ಸಲಕ್ಕೆ ಸಿಕ್ಕಿದರು. “ಇವತ್ತು ಆನೆ ಆ ಕಡೆ ದಾಟಿತಂತೆ ಕಣೋ, ಅಕ್ಕ ಕೂಗಿ ಹೇಳಿದ್ರು” ಅಂದರು. ಟವರ್ ಬರೋವರೆಗೂ ನಮ್ಮೂರಿನ ನೆಟ್‌ವರ್ಕ್ ಎದುರುಮನೆ ಅಕ್ಕನೇ.