ರಾತ್ರಿ ಎಲ್ಲಿ ಮಲಗಿದ್ದೆ ತಮ್ಮಾ?

ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ನವಿ ಮುಂಬಯಿ ವಾಶಿಯ ನಮ್ಮ ಲ್ಯಾಬಿನ ಬೆಂಚು ಜ್ವರದವರಿಂದ ತುಂಬುತ್ತದೆ. ಬೆರಳಿಗೆ ಸೂಜಿ ಚುಚ್ಚಿ ಸ್ಲೈಡಿನ ಮೇಲೆ ಒಂದು ಕಡೆ ದಪ್ಪ ಹನಿ ಹರಡುತ್ತೇನೆ, ಇನ್ನೊಂದು ಕಡೆ ತೆಳುವಾಗಿ ಎಳೆಯುತ್ತೇನೆ. ಮಲೇರಿಯಾ ಇದೆಯೇ ಎಂದು ಹುಡುಕುವುದು ದಪ್ಪ ಹನಿಯಲ್ಲಿ. ಅದು ಯಾವ ಜಾತಿಯದು, ವೈವಾಕ್ಸೋ ಫಾಲ್ಸಿಪೇರಮ್ಮೋ ಎಂದು ಗುರುತು ಹಿಡಿಯುವುದು ತೆಳುವಿನಲ್ಲಿ. ಡಾಕ್ಟರಿಗೆ ಇಷ್ಟು ಸಾಕು. ಊರಿಗೆ ಇದು ಸಾಲದು.

ಒಮ್ಮೆ ವಿಜಯಪುರದ ಕಡೆಯ ಹುಡುಗ ಬಂದ. ಬಿಲ್ಡಿಂಗ್ ಕೆಲಸದವನು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

“ಅಡ್ರೆಸ್ ಊರಿಂದ ಬರೀರಿ ಅಕ್ಕಾರ. ಇಲ್ಲಿ ಎಲ್ಲಿ ಕೆಲಸ ಐತಿ ಅಲ್ಲೇ ಇರ್ತೀವ್ರಿ.”

“ಅದಿರಲಿ ತಮ್ಮಾ. ಹತ್ತು ಹದಿನೈದು ದಿನದ ಹಿಂದೆ ರಾತ್ರಿ ಎಲ್ಲಿ ಮಲಗಿದ್ದೆ?”

ಅರ್ಧ ಕಟ್ಟಿದ ಕಟ್ಟಡದ ಕೆಳಗೆ, ಮುಚ್ಚಳವಿಲ್ಲದ ನೀರಿನ ಟಾಂಕಿಯ ಪಕ್ಕದಲ್ಲಿ.

ಮಲೇರಿಯಾದ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ. ಕಚ್ಚಿ ಸಾಮಾನ್ಯವಾಗಿ 10ರಿಂದ 15 ದಿನಕ್ಕೆ ಜ್ವರ ಏರುತ್ತದೆ. ಹಾಗಾಗಿ ಮಲಗಿದ ಜಾಗ ಕೇಳಬೇಕು. ಡೆಂಗಿಯ ಈಡಿಸ್ ಹಗಲಿನ ಸೊಳ್ಳೆ, ಜ್ವರ ಬರಲು 4ರಿಂದ 10 ದಿನ; ಅಲ್ಲಿ ಕೇಳಬೇಕಾದದ್ದು ಹಗಲು ಕಳೆದ ಅಂಗಡಿ, ಶಾಲೆ, ಆಫೀಸು. ಆಧಾರ್ ಕಾರ್ಡಿನ ವಿಳಾಸ ಎರಡಕ್ಕೂ ಉತ್ತರವಲ್ಲ. ಊರಿನ ವಿಳಾಸವೇ ದಾಖಲಾಗಿದ್ದರೆ ಆ ಹುಡುಗನ ಮಲೇರಿಯಾ ವಿಜಯಪುರದ ಲೆಕ್ಕಕ್ಕೆ ಹೋಗುತ್ತಿತ್ತು, ಟಾಂಕಿ ಇಲ್ಲಿ ಹಾಗೆಯೇ ತೆರೆದಿರುತ್ತಿತ್ತು.

ಇಂಥ ಲೆಕ್ಕ ಇಡಲೆಂದೇ ಕೇಂದ್ರ ಸರ್ಕಾರದ ಸಮಗ್ರ ರೋಗ ಕಣ್ಗಾವಲು ಯೋಜನೆ 2004ರಲ್ಲಿ ಶುರುವಾಯಿತು. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ, ತಪಾಸಣೆ ಮಾಡಿ ಡಾಕ್ಟರು, ರಕ್ತ ನೋಡಿ ಲ್ಯಾಬು, ಹೀಗೆ ಮೂರು ಕಡೆಯಿಂದ ವರದಿ. ವಾರಕ್ಕೊಮ್ಮೆ ಹೋಗುತ್ತಿದ್ದದ್ದು 2021ರ ಏಪ್ರಿಲ್‌ನಲ್ಲಿ ಹೊಸ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ದಿನದಿನಕ್ಕೂ ಹೋಗುವಂತಾಯಿತು. ಶುರುವಿನಲ್ಲಿ 33 ರೋಗಗಳು ಅದರಲ್ಲಿದ್ದವು. ಈ ಅವಸರಕ್ಕೆ ಅರ್ಥವಿದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ವರದಿ ವಾರ ತಡವಾದರೆ ಹೊಸದೊಂದು ತಲೆಮಾರು ಹಾರಾಡುತ್ತಿರುತ್ತದೆ.

ಅಪಾಯ ಅಳೆಯುವಾಗ ಬರೀ ಸಂಖ್ಯೆ ನೋಡಿದರೆ ಮೋಸ ಹೋಗುತ್ತೇವೆ. ವಾಶಿ, ನೆರೂಳ್, ಐರೋಳಿಯಲ್ಲಿ ಒಂದೊಂದು ಡೆಂಗಿ ಬಂದರೆ ಮೂರು ಮನೆಯವರ ಕಷ್ಟ. ಅದೇ ಮೂರು ಒಂದೇ ಸೊಸೈಟಿಯಲ್ಲಿ, ಒಂದೇ ವಾರದಲ್ಲಿ ಬಂದರೆ ಆ ಸೊಸೈಟಿಯ ಕುಂಡ, ಡ್ರಮ್ಮು, ಟಾಂಕಿಗಳನ್ನೆಲ್ಲ ಅವತ್ತೇ ತಪಾಸಣೆ ಮಾಡಬೇಕು. ಈಡಿಸ್ ಹುಟ್ಟಿದ ಜಾಗದಿಂದ ಬಹಳ ದೂರ ಹೋಗುವ ಸೊಳ್ಳೆಯಲ್ಲ.

ವಿಳಾಸಕ್ಕಿಂತ ಜನ ಸೇರುವ ಜಾಗ ಮುಖ್ಯ ಎಂಬ ಪಾಠವನ್ನು 2020ರಲ್ಲಿ ನಮ್ಮ ಎಪಿಎಂಸಿ ಸಗಟು ಮಾರ್ಕೆಟ್ಟೇ ಕಲಿಸಿತು. ವ್ಯಾಪಾರಿಗಳು, ಮೂಟೆ ಹೊರುವ ಮಾಥಾಡಿ ಕಾರ್ಮಿಕರು, ಅವರ ಮನೆಯವರು, ಎಲ್ಲರ ವಿಳಾಸ ಬೇರೆ ಬೇರೆ. ಕೊರೊನಾ ಅವರನ್ನು ಜೋಡಿಸಿದ್ದು ಮಾರ್ಕೆಟ್ಟಿನಲ್ಲಿ. ಮುಂಬಯಿಗೆ ತರಕಾರಿ ಹೋಗುವ ಜಾಗವನ್ನು ಆ ವರ್ಷ ಮೇ 11ರಿಂದ 17ರವರೆಗೆ ಮುಚ್ಚಲೇಬೇಕಾಯಿತು.

ಈಗ ನಮ್ಮ ಫಾರಂನಲ್ಲಿ ವಿಳಾಸದ ಕೆಳಗೆ ಪೆನ್ನಿನಲ್ಲಿ ಮೂರು ವಿಷಯ ಬರೆದುಕೊಳ್ಳುತ್ತೇನೆ: ಜ್ವರ ಶುರುವಾದ ದಿನ, ರಾತ್ರಿ ಮಲಗುವ ಜಾಗ, ಹಗಲು ಇರುವ ಜಾಗ. ಯಾವ ಲ್ಯಾಬಿಗೆ ಹೋದರೂ, ಯಾರೂ ಕೇಳದಿದ್ದರೂ, ದಯವಿಟ್ಟು ನೀವಾಗಿಯೇ ಇಷ್ಟನ್ನು ಹೇಳಿ ಬರೆಸಿ.